ಉಳವಪ್ಪನ ಜೋಳದ ವಹಿ

ಚನ್ನೇಶ ಬೆಲ್ಲ ತಿನ್ನುವುದಿಲ್ಲ. ಶಿಗ್ಗಾಂವದ ಅವನ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೋಳಿಗೆ ಬಡಿಸಲು ಬಂದವರಿಗೆ ತಾಟಿನ ಮೇಲೆ ಅಡ್ಡ ಕೈ ಹಿಡಿದು, "ಸಕ್ರಿ ಬ್ಯಾನಿ ಐತ್ರಿ" ಅಂದುಬಿಡುತ್ತಾನೆ. ಸಕ್ಕರೆ ಬೇನೆಯೂ ಇಲ್ಲ, ಏನೂ ಇಲ್ಲ. ಅರವತ್ತೇಳು ವರ್ಷದ ಆ ನಿವೃತ್ತ ಕೃಷಿ ಸಹಾಯಕನ ರಕ್ತ ನೋಡಿ ಡಾಕ್ಟರರೇ ಹೊಟ್ಟೆಕಿಚ್ಚು ಪಡಬೇಕು, ಅಷ್ಟು ಚೊಕ್ಕಟ. ಚೊಕ್ಕಟವಿಲ್ಲದ್ದು ಮನಸ್ಸು. ಇಪ್ಪತ್ತೆಂಟು ವರ್ಷದ ಹಿಂದೆ ಹಂಸಭಾವಿಯಲ್ಲಿ ತಂಗಿಯ ಮನೆಯವರ ಗಾಣದ ಹತ್ತಿರ ಕೂತು, ಕಡಾಯಿಯಿಂದ ಆಗತಾನೇ ಇಳಿದ ಬಿಸಿ ಬೆಲ್ಲ ತಿಂದದ್ದೇ ಕೊನೆ. ಆಮೇಲೆ ಬೆಲ್ಲದ ವಾಸನೆ ಬಂದರೆ ಸಾಕು, ಹೂ ಬಿಟ್ಟ ಜೋಳದ ತೆನೆ ಅವನ ಕಣ್ಣಮುಂದೆ ಬಂದು ನಿಲ್ಲುತ್ತದೆ. ಯಾಕೆಂದು ಹೆಂಡತಿ ಗುತ್ತೆವ್ವನಿಗೂ ಹೇಳಿಲ್ಲ.

ಆ ದಿನ ಬೆಳಗ್ಗೆ ವಿದ್ಯಾಶ್ರೀಯ ಫೋನು ಬಂತು.

"ಸರ್, ಉಳವಪ್ಪನ ಜೋಳದ ಅರ್ಜಿ ರೆಡಿ ಆಗೇತ್ರಿ. ನಿಮ್ಮದೊಂದು ಸಹಿ ಬಾಕಿ. ನಾಳೆ ಹಾಲವ್ವ ಆಯಿ ಮನಿಗೆ ಹೊಂಟೇನಿ, ನೀವೂ ಬರ್ರಿ. ಆಯಿ ಮುಂದ ಸಹಿ ಮಾಡಿದ್ರ ಆಕಿಗೂ ಖುಷಿ."

ಚನ್ನೇಶನ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. "ನನ್ನ ಸಹಿ ಯಾಕವಾ?" ಅಂದ.

"ತೊಂಬತ್ತಾರನೇ ಇಸವಿಯೊಳಗ ಆ ಬೀಜ ಹೆಚ್ಚು ಮಾಡಿಕೊಟ್ಟವರು ನೀವ ಅಲ್ರಿ! ಬೆರಕಿ ಆಗದಂಗ ಬೆಳದು ಕೊಟ್ಟೇನಿ ಅಂತ ಒಂದು ಸಾಲು. ಅಷ್ಟ."

ವಿದ್ಯಾಶ್ರೀ ಹಾನಗಲ್ಲಿನ ಹುಡುಗಿ. ಅಪ್ಪ ಶಾಲೆಯೊಂದರಲ್ಲಿ ಜವಾನನಾಗಿದ್ದ. ಮಗಳು ಬೀಜಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದ್ದಾಳೆ. ಎಂಟು ವರ್ಷದ ಹಿಂದೆ ಅವಳು ತರಬೇತಿಗೆ ಬಂದಾಗ, ಜೋಳದ ತೆನೆಗೆ ಕಾಗದದ ಚೀಲ ಕಟ್ಟುವುದನ್ನು ಕಲಿಸಿದವನು ಚನ್ನೇಶನೇ. ಒಂದು ದಿನ ತಡವಾಗಿ ಕಟ್ಟಿದ್ದಕ್ಕೆ ಹೊಲದ ನಡುವೆ ನಿಲ್ಲಿಸಿ ಅಳುವ ಹಾಗೆ ಬೈದಿದ್ದ. ಆ ಬೈಗುಳವನ್ನು ಅವಳು ಇವತ್ತಿಗೂ ಆಶೀರ್ವಾದವೆಂಬಂತೆ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಾಳೆ. ಯಾವ ಬಾಯಿಂದ ಬೈದೆ ಎಂದು ಚನ್ನೇಶ ತನ್ನನ್ನೇ ಕೇಳಿಕೊಂಡದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ರೈತರು ಕಾಪಾಡಿಕೊಂಡು ಬಂದ ಹಳೆಯ ತಳಿಗಳನ್ನು ಅವರ ಹೆಸರಿನಲ್ಲೇ ದಾಖಲು ಮಾಡುವ ಸರಕಾರಿ ವ್ಯವಸ್ಥೆ ಈಗ ಇದೆ. ವಿದ್ಯಾಶ್ರೀ ಎರಡು ವರ್ಷ ಬೆವರು ಸುರಿಸಿ ಈ ಜೋಳವನ್ನು ಅದಕ್ಕೆ ಸಿದ್ಧಮಾಡಿದ್ದಳು. ಅರ್ಜಿಯಲ್ಲಿ ಎಲ್ಲವೂ ಇತ್ತು. ಬೀಜದ ಚರಿತ್ರೆಯಲ್ಲಿ ಒಂದೇ ಒಂದು ವರ್ಷ, ಆ ಮನೆಯ ಬೀಜ ಆ ಮನೆಯ ಹೊಲ ಬಿಟ್ಟು ಹೊರಗೆ ಹೋಗಿತ್ತು. ಆ ವರ್ಷಕ್ಕೆ ಜಾಮೀನು ನಿಲ್ಲಬೇಕಾದವನು ಚನ್ನೇಶ.

ಆ ಜೋಳದ ಕತೆ ದೊಡ್ಡದು. ನೂರಾ ಹತ್ತು ವರ್ಷದ ಹಿಂದೆ, ಮುಂಬಯಿ ಸರಕಾರದ ಕಾಲದಲ್ಲಿ, ಒಕ್ಕಲಿಗರ ಮಕ್ಕಳಿಗೆಂದು ಬೇಸಾಯದ ಶಾಲೆಯೊಂದನ್ನು ತೆರೆದಿದ್ದರು. ಯಲವಿಗಿ ಸ್ಟೇಶನ್ನಿನಿಂದ ಮೂರು ಮೈಲು ದೂರದ ಹಳ್ಳಿಯ ಉಳವಪ್ಪ ಅಲ್ಲಿ ಎರಡು ವರ್ಷ ಇದ್ದು ಕಲಿತ. ಮಣ್ಣು ಅಗೆಯುವುದಕ್ಕೂ ಶಾಲೆಯೇ ಎಂದು ಊರವರು ನಕ್ಕರು. ತಿರುಗಿ ಬಂದವನು ಬಿತ್ತುವ ಮೊದಲು ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿದ. ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ ತುಂಬುವ ಕಾಡಿಗೆ ರೋಗಕ್ಕೆ ಅದು ಮದ್ದು ಎಂದು ಶಾಲೆ ಕಲಿಸಿತ್ತು. ಊರಿನವರಿಗೆ ಅದು ವಿಷ. ಆ ವರ್ಷ ಉಳವಪ್ಪನ ಮನೆಯ ರೊಟ್ಟಿಯನ್ನು ಬೀಗರೂ ಮುಟ್ಟಲಿಲ್ಲ. ಮರುವರ್ಷ ಊರ ಹೊಲಗಳೆಲ್ಲ ಕಾಡಿಗೆ ಹಿಡಿದು, ಉಳವಪ್ಪನ ತೆನೆ ಮಾತ್ರ ಬೆಳ್ಳಗೆ ನಿಂತಾಗ, ನಕ್ಕವರೇ ಒಬ್ಬೊಬ್ಬರಾಗಿ ಬಕೀಟು ಹಿಡಿದುಕೊಂಡು ಅವನ ಹಿತ್ತಿಲಿಗೆ ಬಂದರು.

ಶಾಲೆ ಬಿಡುವಾಗ ಗುರುಗಳು ಅವನಿಗೆ ಎರಡು ವಸ್ತು ಕೊಟ್ಟಿದ್ದರು. ಒಂದು, ಆರಿಸಿದ ಒಂದೇ ತೆನೆಯಿಂದ ಬೆಳೆಸಿದ ಜೋಳದ ಬೀಜ. ಇನ್ನೊಂದು, ದಪ್ಪ ರಟ್ಟಿನ ಒಂದು ವಹಿ. ವರ್ಷಕ್ಕೊಂದು ಹಾಳೆ. ಬಿತ್ತಿದ ದಿನ, ಮಳೆ, ಬೆಳೆ, ಹೊಲದಲ್ಲಿ ಕಂಡ ಬೆರಕೆ ಗಿಡ ಎಷ್ಟು, ಕೊನೆಗೆ ಕಾರಣ. ವಹಿಯ ಮೊದಲ ಪುಟದಲ್ಲಿ ಉಳವಪ್ಪ ಗುರುಗಳು ಹೇಳಿದ್ದನ್ನು ದುಂಡಗೆ ಬರೆದಿಟ್ಟಿದ್ದ: "ಏನು ಕೆಟ್ಟರೂ ಕಾರಣ ಬರೆಯತಕ್ಕದ್ದು. ತಿಳಿಯದಿದ್ದರೆ ತಿಳಿಯದು ಎಂದು ಬರೆಯತಕ್ಕದ್ದು. ಬರೆದದ್ದನ್ನು ಅಳಿಸತಕ್ಕದ್ದಲ್ಲ. ತಪ್ಪಿದ್ದರೆ ಅದರ ಕೆಳಗೆ ಖರೆಯದ್ದನ್ನು ಬರೆಯತಕ್ಕದ್ದು."

ಆ ಮನೆಯವರು ಮೂರು ತಲೆಮಾರು ಇದನ್ನು ಬಿಡದೆ ಬರೆದರು. ಉಳವಪ್ಪ ಹೋದಮೇಲೆ ಮಗ, ಮಗನ ನಂತರ ಮೊಮ್ಮಗ ಕರಿಬಸಪ್ಪ. ಎಂಬತ್ತು ವರ್ಷ ಬೆರಕೆಯ ಕಾಲಮ್ಮಿನಲ್ಲಿ ಒಂದೇ ಶಬ್ದ: "ಇಲ್ಲ".

ತೊಂಬತ್ತಾರರ ಭಾದ್ರಪದದಲ್ಲಿ ಕರಿಬಸಪ್ಪ ಕಾಮಾಲೆಯಾಗಿ ತೀರಿಕೊಂಡ. ಹೆಂಡತಿ ಹಾಲವ್ವನಿಗೆ ಆಗ ಐವತ್ತೆರಡು, ಮಗನಿಗೆ ಹನ್ನೆರಡು. ಹಿಂದಿನ ವರ್ಷದ ಬೆಳೆ ಮಳೆಗೆ ಸಿಕ್ಕು ಹಾಳಾಗಿ, ಉಳಿದದ್ದು ಒಂದೇ ಸೋರೆ ಬುರುಡೆಯಷ್ಟು ಬೀಜ. ಬಿತ್ತಲು ಗಂಡಾಳಿಲ್ಲ; ಬಿಟ್ಟರೆ ಬೀಜದ ಕಸುವು ಹೋಗುತ್ತದೆ. ಆಗ ಶಿಗ್ಗಾಂವದ ಕಡೆ ಒಂದು ಬೀಜದ ಫಾರ್ಮು ಇತ್ತು, ಈಗ ಇಲ್ಲ. ಅಲ್ಲಿದ್ದ ಚನ್ನೇಶ ಸುದ್ದಿ ಕೇಳಿ ತಾನಾಗಿಯೇ ಬಂದ. "ಅಕ್ಕಾರ, ಆ ಬೀಜ ನನಗ ಕೊಡ್ರಿ. ಒಂದು ಕಾಳೂ ಬೆರಕಿ ಆಗದಂಗ ಬೆಳದು ತಂದು ಕೊಡ್ತೇನಿ" ಅಂದ. ಹಾಲವ್ವ ಬುರುಡೆ ಬಿಚ್ಚಿ ಅವನ ಚೀಲಕ್ಕೆ ಸುರಿದಳು.

ಬೆಳೆದದ್ದೇನೋ ಬೆಳೆದ. ಅರವತ್ತು ಹೆಜ್ಜೆ ದೂರದಲ್ಲಿ ಹೊಸ ಹೈಬ್ರಿಡ್ ಜೋಳ ನಿಂತಿತ್ತು; ಅದರ ಹೂವಿನ ಪುಡಿ ಹೊತ್ತು ತರುವ ಗಾಳಿಗೆ ಅರವತ್ತು ಹೆಜ್ಜೆ ಯಾವ ಲೆಕ್ಕ? ಅದಕ್ಕೇ ಚೀಲ ಕಟ್ಟಬೇಕು. ಜೋಳದ ತೆನೆ ತುದಿಯಿಂದ ಹೂ ಬಿಡಲು ಶುರುಮಾಡಿ ದಿನದಿನಕ್ಕೆ ಕೆಳಗೆ ಇಳಿಯುತ್ತದೆ. ತುದಿಯ ಮೊದಲ ಹೂ ಬಿಡುವ ಮುಂಚೆ ಚೀಲ ಬೀಳಬೇಕು. ತಡವಾದರೆ, ಹೂ ಬಿಟ್ಟಷ್ಟು ತುದಿಯನ್ನು ಕತ್ತರಿಸಿ ಬಿಸಾಡಿ ಆಮೇಲೆ ಕಟ್ಟಬೇಕು. ಇದು ಚನ್ನೇಶನಿಗೆ ತನ್ನ ಹೆಸರಿನಷ್ಟು ಗೊತ್ತಿತ್ತು. ಗೊತ್ತಿದ್ದೂ, ತಂಗಿಯ ಮಗಳ ನಿಶ್ಚಯಕ್ಕೆಂದು ಎರಡು ದಿನದ ಮಟ್ಟಿಗೆ ಹಂಸಭಾವಿಗೆ ಹೋದವನು ಗಾಣ, ಬಿಸಿ ಬೆಲ್ಲ, ಇಸ್ಪೀಟು ಎಂದು ಎಂಟು ದಿನ ಕೂತ. ತಿರುಗಿ ಬಂದಾಗ ನಾನೂರು ತೆನೆಯೂ ಹೂ ಬಿಟ್ಟಿದ್ದವು. ಕತ್ತರಿಸುತ್ತ ಕೂತರೆ ಎರಡು ದಿನದ ಕೆಲಸ; ಮರುದಿನ ಬೆಳಗ್ಗೆಯೇ ಮೇಲಿನವರು ತಪಾಸಣೆಗೆ ಬರುವವರಿದ್ದರು.

"ಸಾಹೇಬ್ರ, ಇವು ಆಗಲೇ ಹೂ ಬಿಟ್ಟಾವಲ್ರಿ?" ಎಂದು ಆಳು ಅಡಿವೆವ್ವ ಕೇಳಿದಳು.

"ಸುಮ್ನ ಕಟ್ಟಬೇ" ಅಂದ.

ಒಂದೇ ಮಧ್ಯಾಹ್ನದಲ್ಲಿ ನಾನೂರು ಚೀಲ ಬಿದ್ದವು. ರಿಜಿಸ್ಟರಿನಲ್ಲಿ ಆರು ದಿನ ಹಿಂದಿನ ದಿನಾಂಕ ಬರೆದ. ಮೇಲಿನವರು ಬಂದು, ನೋಡಿ, ಶಾಬಾಸ್ ಅಂದು ಹೋದರು. ಅಡಿವೆವ್ವ ತೀರಿಕೊಂಡು ಈಗ ಬಹಳ ವರ್ಷವಾಯಿತು. ಇನ್ನು ಗೊತ್ತಿರುವವನು ಚನ್ನೇಶ ಒಬ್ಬನೇ.

ಮೂರು ಸಣ್ಣ ಚೀಲ ಬೀಜ ಮಾಡಿ ಕೊಟ್ಟಾಗ ಹಾಲವ್ವ ಅವನ ಕಾಲಿಗೆ ಬೀಳುವುದೊಂದು ಬಾಕಿ. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಗೆ ಸವಣೂರಿನ ಬಸ್ಸಿನಲ್ಲಿ ಐದು ಸೇರು ಹೊಸ ಜೋಳ ಅವನ ಮನೆಗೆ ಬರುತ್ತಿತ್ತು. ಪ್ರತಿ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಅವಳ ಹೊಲದಲ್ಲಿ ಅವನ ಊಟ. ಮೊದಲ ವರ್ಷ ಹೇಳಿಬಿಡಬೇಕೆಂದು ಹೋದ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು, ಈಗ ಬೇಡ ಎಂದು ಬಂದ. ಎರಡನೇ ವರ್ಷ ಮಗನಿಗೆ ಜ್ವರ. ಮೂರನೇ ವರ್ಷಕ್ಕೆ ಹೇಳದಿರುವುದೇ ರೂಢಿಯಾಯಿತು. ಬೆರಕೆ ಬಂದಿದ್ದರೆ ಆಕೆಯೇ ಕೇಳುತ್ತಿದ್ದಳಲ್ಲ ಎಂದು ಸಮಾಧಾನ ಮಾಡಿಕೊಂಡ. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ಸಾಕ್ಷಿಯನ್ನೇನು ಕೇಳುತ್ತಾನೆಯೇ?

ಮರುದಿನ ವಿದ್ಯಾಶ್ರೀ ಕಾರು ತಂದಳು. ಸವಣೂರು ದಾಟುವವರೆಗೆ ಅವಳೇ ಮಾತಾಡಿದಳು. ಹಾಲವ್ವ ಆಯಿಯನ್ನು ವೇದಿಕೆಗೆ ಕರೆಸುತ್ತಾರಂತೆ, ಶಾಲು ಹೊದಿಸುತ್ತಾರಂತೆ, ಉಳವಪ್ಪನ ಫೋಟೋ ದೊಡ್ಡದು ಮಾಡಿಸಬೇಕಂತೆ. ಚನ್ನೇಶ ಕಿಟಕಿಯ ಹೊರಗೆ ನೋಡುತ್ತ ಹೂಂಗುಟ್ಟಿದ. ಸಹಿ ಮಾಡಿದರೆ ಸುಳ್ಳಿಗೆ ಸರಕಾರದ ಮುದ್ರೆ ಬೀಳುತ್ತದೆ. ಮಾಡದಿದ್ದರೆ ಈ ಹುಡುಗಿಯ ಎರಡು ವರ್ಷ, ಆ ಮುದುಕಿಯ ಸಂಭ್ರಮ ಎರಡೂ ಮಣ್ಣುಪಾಲು. ಸಹಿ ಮಾಡುವುದೇ ಉಪಕಾರವೆಂದು ಅವನ ಬುದ್ಧಿ ವಾದ ಹೂಡಿತು. ಬುದ್ಧಿ ಅವನ ಪರವಾಗಿ ವಾದಿಸದೇ ಇದ್ದ ದಿನವೇ ಇಲ್ಲ.

ಹಾಲವ್ವನ ಮನೆಯಲ್ಲಿ ಮರುದಿನದ ಬಿತ್ತಿಗೆಯ ಗಡಿಬಿಡಿ. ಮಗ ಮಹಾಂತೇಶ ಎತ್ತು ಹೇಳಿಬರಲು ಹೋಗಿದ್ದ. ಬೇರೆ ಹೊಲಕ್ಕೆಲ್ಲ ಟ್ರ್ಯಾಕ್ಟರು. ಉಳವಪ್ಪನ ಜೋಳದ ಅರ್ಧ ಎಕರೆಗೆ ಮಾತ್ರ ಇವತ್ತಿಗೂ ಎತ್ತು ಹೂಡಿದ ಕೂರಿಗೆ. ಪಡಸಾಲೆಯಲ್ಲಿ ಕೂರಿಗೆಗೆ ಸುಣ್ಣ ಕೆಮ್ಮಣ್ಣು ಬಳಿದಿದ್ದರು. ಒಳಕೋಣೆಯಲ್ಲಿ ಸಗಣಿಯಿಂದ ಬಾಯಿ ಮುಚ್ಚಿದ ಸೋರೆ ಬುರುಡೆ, ಅದರ ಪಕ್ಕ ಅರಿಷಿಣದ ಬಟ್ಟಲು ಇಟ್ಟುಕೊಂಡು ಸೊಸೆ ನೀಲಾಂಬಿಕಾ ಕೂತಿದ್ದಳು. ಎಂಬತ್ತರ ಹಾಲವ್ವ ಹೊಸ್ತಿಲಿನ ಈಚೆಗೆ, ಪಡಸಾಲೆಯ ಕಂಬಕ್ಕೆ ಒರಗಿ.

"ಬಾ ತಮ್ಮಾ, ಕುಂದರು. ಬಾರವಾ ವಿದ್ಯಾ. ನೀಲವ್ವಾ, ಚಾ ಇಡು. ಬೆಲ್ಲ ಹಾಕಬ್ಯಾಡ, ಸಾಹೇಬರಿಗೆ ಬ್ಯಾನಿ ಐತಿ" ಅಂದಳು.

ವಿದ್ಯಾಶ್ರೀ ಕಾಗದ ತೆಗೆದು ಚನ್ನೇಶನ ತೊಡೆಯ ಮೇಲೆ ಇಟ್ಟಳು. "ಪ್ರತಿ ತೆನೆಗೂ ಹೂ ಬಿಡುವ ಮೊದಲೇ ಚೀಲ ಕಟ್ಟಿ, ಬೆರಕೆಯಾಗದಂತೆ ಬೆಳೆಸಿಕೊಡಲಾಗಿದೆ." ಕೆಳಗೆ ಅವನ ಹೆಸರು ಟೈಪಾಗಿತ್ತು. ಅವನು ಪೆನ್ನಿನ ಟೊಪ್ಪಿಗೆ ತೆಗೆದ.

"ಸ್ವಲ್ಪ ತಡಿ ತಮ್ಮಾ" ಅಂದಳು ಹಾಲವ್ವ. ಕಂಬದ ಹಿಂದಿನಿಂದ ವಸ್ತ್ರದಲ್ಲಿ ಸುತ್ತಿದ್ದ ವಹಿ ತೆಗೆದಳು. "ಸಹಿ ಮಾಡೂ ಮೊದಲ ಇದನ್ನ ನೋಡು. ವಿದ್ಯಾ ಹಿಂದ ಬಂದಾಗ ಮೊದಲಿನ ಹಾಳಿ ಅಷ್ಟ ತೋರಿಸಿದ್ದೆ. ಆಮ್ಯಾಲಿನ್ವು ತೋರಿಸಾಕ ನಾಚಿಕಿ ಆತು. ಆದರ ಸರಕಾರದ ಕಾಗದ ಅಂದಮ್ಯಾಲೆ ಮುಚ್ಚಿಡಬಾರದು. ನಾಳೆ ನಿನ್ನ ಹೆಸರಿಗೆ ಕೆಟ್ಟ ಬಂದೀತು. ನೀ ಚೊಕ್ಕ ಬೀಜ ತಂದು ಕೊಟ್ಟಿದ್ದಿ. ಕೆಡಿಸಿದಾಕಿ ನಾನು."

ಚನ್ನೇಶನಿಗೆ ಅರ್ಥವಾಗಲಿಲ್ಲ. ವಿದ್ಯಾಶ್ರೀ ವಹಿಯನ್ನು ಬಿಚ್ಚಿ ತೊಂಬತ್ತೇಳನೇ ಇಸವಿಯ ಹಾಳೆ ತೆಗೆದಳು. ಕರಿಬಸಪ್ಪನ ಅಕ್ಷರ ಮುಗಿದು, ನಾಲ್ಕನೇ ಇಯತ್ತೆ ಕಲಿತ ಹಾಲವ್ವನ ದಪ್ಪ ಅಕ್ಷರ ಶುರುವಾಗಿತ್ತು. ವಿದ್ಯಾಶ್ರೀ ಗಟ್ಟಿಯಾಗಿ ಓದಿದಳು.

"ಬೆರಕಿ ಗಿಡ, ಮುನ್ನೂರಾ ಹನ್ನೆರಡು. ಕಾರಣ..." ಅವಳು ನಿಂತಳು. "ಆಯಿ, ಇದೇನ್ರಿ? ಕಾರಣ: ನನ್ನ ಕೈ?"

"ಹೌದವಾ. ನನ್ನ ಕೈ." ಹಾಲವ್ವ ಎರಡೂ ಕೈಯನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಳು. "ನಮ್ಮ ಮನ್ಯಾಗ ಬೀಜದ ಬುರುಡಿ ಮುತ್ತೈದಿ ಕೈಲೇ ಬಿಚ್ಚಬೇಕು. ಉಳವಪ್ಪಜ್ಜನ ಕಾಲದಿಂದ ಹಂಗ. ಅವತ್ತ ಸಾಹೇಬರು ಬೀಜ ಒಯ್ಯಾಕ ಬಂದಾಗ ಮನಿಯವರು ತೀರಿಕೊಂಡು ಇಪ್ಪತ್ತು ದಿನಾ ಆಗಿತ್ತು. ಓಣ್ಯಾಗಿನ ಯಾರರ ಮುತ್ತೈದಿನ್ನ ಕರೀಬೇಕಂತ ಇದ್ದೆ. ಬಸ್ಸಿಗೆ ಹೊತ್ತಾತು ಅಂದರು ಸಾಹೇಬರು. ಅವಸರಕ್ಕ ನಾನ ಬಿಚ್ಚಿದೆ. ಮರುವರ್ಷ ಬಿತ್ತಿ, ತೆನಿ ಬಂದಾಗ ನೋಡಿದ್ರ, ಹೊಲದ ತುಂಬ ಬ್ಯಾರೆ ಗಿಡ. ಎಂಬತ್ತು ವರ್ಷ ಇರಲಾರದ್ದು. ಮತ್ತ್ಯಾತರಿಂದ ಆಗಬೇಕು?"

ಚನ್ನೇಶನಿಗೆ ಬಸ್ಸು ನೆನಪಾಯಿತು. ಗಡಿಯಾರ ನೋಡಿದ್ದು, "ಲಗೂ ಮಾಡ್ರಿ ಅಕ್ಕಾರ" ಅಂದದ್ದು, ಆಕೆ ಒಂದು ಗಳಿಗೆ ಬುರುಡೆಯ ಮುಂದೆ ತಡೆದು ನಿಂತದ್ದು.

"ಕೈಲೆ ಬೀಜ ಬೆರಕಿ ಆಗಂಗಿಲ್ಲ ಆಯಿ" ಅಂದಳು ವಿದ್ಯಾಶ್ರೀ, ಸ್ವಲ್ಪ ಸಿಟ್ಟಿನಲ್ಲೇ. "ಹೂವಿನ ಪುಡಿಲೆ ಆಗೂದು. ಬಾಜೂ ಹೊಲದಾಗ ಯಾರರ ಹೈಬ್ರಿಡ್ ಹಾಕಿರಬೇಕು."

"ನಮ್ಮ ಸುತ್ತ ಆವಾಗ ಹತ್ತಿ, ಕಡ್ಲಿ. ಜ್ವಾಳ ನಮ್ಮದೊಂದ."

"ಹಂಗಾರ ದೂರದಿಂದ ಬಂದಿರಬೇಕು ಬಿಡ್ರಿ."

"ನಿನಗ ಪುಸ್ತಕದಾಗಿಂದು ಗೊತ್ತು. ನನಗ ನನ್ನ ಕೈಯಿಂದು ಗೊತ್ತು" ಎಂದು ಹಾಲವ್ವ ತಲೆಯಾಡಿಸಿದಳು. "ಹನ್ನೆರಡು ವರ್ಷ ಕಿತ್ತೇನಿ. ತೆನಿ ಹೊಡಿಯೂ ಹೊತ್ತಿಗೆ ಮುಂಜಾನೆದ್ದು ಸಾಲು ಸಾಲು ತಿರುಗಿ, ಒಂದೊಂದ ನೋಡಿ, ಬೆರಕಿ ಕಂಡದ್ದೆಲ್ಲ ಕಿತ್ತೇನಿ. ಕೀಳಾಕ ನನ್ನ ಕೈ ನಡೀತೈತಿ, ಬಿತ್ತಾಕ ನಡೆಯಂಗಿಲ್ಲ ಅಂತ ತಿಳಕೊಂಡೆ. ಎರಡ ಸಾವಿರದ ಒಂಬತ್ತನೇ ಇಸವಿಗೆ ಮತ್ತ 'ಇಲ್ಲ' ಅಂತ ಬರದೆ. ಅವತ್ತ ಒಬ್ಬಾಕೀನ ಹೊಲದಾಗ ಕುಂತು ಅತ್ತೆ."

ವಿದ್ಯಾಶ್ರೀ ಹಾಳೆ ತಿರುವುತ್ತಿದ್ದಳು. ತೊಂಬತ್ತೆಂಟು, ಐದುನೂರಾ ನಲವತ್ತು, ನನ್ನ ಕೈ. ತೊಂಬತ್ತೊಂಬತ್ತು, ನಾನೂರಾ ಆರು, ನನ್ನ ಕೈ. ಎರಡು ಸಾವಿರ, ನನ್ನ ಕೈ. ಹಾಲವ್ವ ಪ್ರತಿ ವರ್ಷವೂ ಹೊಸದಾಗಿ, ಒತ್ತಿ ಒತ್ತಿ ಬರೆದಿದ್ದಳು. ಒಂದು ವರ್ಷವೂ ತನಗೆ ರಿಯಾಯಿತಿ ಕೊಟ್ಟುಕೊಂಡಿರಲಿಲ್ಲ.

ಪ್ರತಿ ಎಳ್ಳಮಾಸಿಗೆ ಉಳಿದವರು ಹೊಲಕ್ಕೆ ಎಡೆಯ ಚರಗ ಚೆಲ್ಲುವಾಗ ಹಾಲವ್ವ ದೂರ ಬದುವಿನ ಮೇಲೆ ನಿಲ್ಲುತ್ತಿದ್ದಳು. ವಯಸ್ಸು, ಮೊಣಕಾಲು ನೋವು ಎಂದುಕೊಂಡಿದ್ದ ಚನ್ನೇಶ. ಊಟ ಬಡಿಸಲೂ ಮೊದಲು ಓಣಿಯ ಹೆಂಗಸರು, ಆಮೇಲೆ ಸೊಸೆ. ಅದನ್ನು ಎಷ್ಟು ಸಲ ಕಂಡು, ಎಷ್ಟು ಸಲ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಿದ್ದ!

"ನೋಡಿದೆಲ್ಲ ತಮ್ಮಾ. ಈಗ ಸಹಿ ಮಾಡು. ನಿನ್ನ ಪಾಲಿನ ಕೆಲಸ ಚೊಕ್ಕ ಐತಿ. ನನ್ನದನ್ನ ಬೇಕಾದ್ರ ವಿದ್ಯಾ ಬ್ಯಾರೆ ಬರಕೊಳ್ಳಲಿ."

ಪೆನ್ನು ಅವನ ಕೈಯಲ್ಲೇ ಇತ್ತು. ದಾರಿ ಎಷ್ಟು ಸಲೀಸಾಗಿತ್ತು ನೋಡಿ. ತಪ್ಪನ್ನು ಹೊತ್ತುಕೊಳ್ಳಲು ಒಬ್ಬಳು ತಾನಾಗಿ ನಿಂತಿದ್ದಾಳೆ, ಅವನ ಹೆಸರಿಗೆ ಕಲೆ ಬರಬಾರದೆಂದು ಬೇಡಿಕೊಳ್ಳುತ್ತಿದ್ದಾಳೆ. ಅವನು ಕಾಗದದ ಮೇಲೆ ಪೆನ್ನು ಊರಿದ. "ಚ" ಅಂತ ಬರೆದದ್ದೂ ಆಯಿತು. ಮುಂದಿನ ಅಕ್ಷರಕ್ಕೆ ಕೈ ಬರಲಿಲ್ಲ.

"ಅಕ್ಕಾರ" ಅಂದ. "ಅದು ನಿಮ್ಮ ಕೈ ಅಲ್ರಿ. ನನ್ನ ಕೈ."

ಹಾಲವ್ವ ಅವನನ್ನು ನೋಡಿದಳು.

ಅವನು ಹೇಳಿದ. ನಿಶ್ಚಯ, ಗಾಣ, ಇಸ್ಪೀಟು, ಹೂ ಬಿಟ್ಟ ನಾನೂರು ತೆನೆ, ಅಡಿವೆವ್ವ ಕೇಳಿದ್ದು, ಸುಳ್ಳು ದಿನಾಂಕ. ಮೊದಲು ತಡವರಿಸಿದ; ಆಮೇಲೆ ತಡೆಯಿಲ್ಲದೆ ಬಂತು. ಸಕ್ಕರೆ ಬೇನೆ ಇಲ್ಲವೆಂಬುದನ್ನೂ ಹೇಳಿಬಿಟ್ಟ. ಯಾಕೆ ಹೇಳಿದನೋ, ಅದನ್ನು ಯಾರೂ ಕೇಳಿರಲಿಲ್ಲ. ನೀಲಾಂಬಿಕಾ ಚಹಾದ ತಾಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಎಷ್ಟ ದಿನಾ ತಡ ಕಟ್ಟಿದಿ?" ಎಂದು ಹಾಲವ್ವ ಕೇಳಿದಳು.

"ಆರು ದಿನಾ ರಿ."

"ಬೆಲ್ಲ ತಿನಕೋತ ಕುಂತು."

"ಹೌದ್ರಿ."

ಹಾಲವ್ವ ಮಡಿಲಿನ ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದಳು.

"ಮಗನ ಮದುವ್ಯಾಗ ಅಕ್ಕಿಕಾಳು ಹಾಕಲಿಲ್ಲ ನಾನು" ಅಂದಳು, ದನಿ ಏರಿಸದೆ. "ಹಿಂದ ನಿಂತೆ. ಮೊಮ್ಮಗಳಿಗೆ ಆರು ತಿಂಗಳಾದಾಗ ನೀಲವ್ವ ಕೂಸಿನ್ನ ತಂದು ಮೊದಲ ತುತ್ತು ನೀವ ತಿನಸ್ರಿ ಅತ್ತಿ ಅಂದ್ಲು. ಒಲ್ಲೆ ಅಂದೆ. ಈ ಕೈ ಮುಟ್ಟಿದ್ದು ಕೆಡತೈತಿ ಅಂತ. ಕೂಸು ನನ್ನ ಮಾರಿ ನೋಡಿ ನಗಾಕತ್ತಿತ್ತು." ಚನ್ನೇಶನ ಕಡೆ ತಿರುಗಿದಳು. "ವರ್ಷಾ ವರ್ಷಾ ಐದು ಸೇರು ಕಳಿಸಿದೆ ನಿನಗ. ನನ್ನ ಬೀಜ ಉಳಿಸಿದಾತ ಅಂತ. ಅದನ್ನ ತಿಂದಿ?"

"ತಿಂದೇನ್ರಿ."

"ಎಳ್ಳಮಾಸಿಗೆ ಬಂದು ಇದ ಹೊಲದಾಗ ಕುಂತು ಉಂಡಿ. ನಾ ಬದುವಿನ ಮ್ಯಾಲೆ ನಿಂತದ್ದು ಕಂಡಿತ್ತಿಲ್ಲೋ ನಿನಗ?"

"ಕಂಡಿತ್ರಿ."

"ಯಾಕ ನಿಂತೀರಿ ಅಂತ ಒಂದ ಸಲ ಕೇಳಿದ್ರ ಸಾಕಿತ್ತು ತಮ್ಮಾ."

ಚನ್ನೇಶ ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಅದಕ್ಕೇ ಕೇಳಿರಲಿಲ್ಲ. ಅಷ್ಟೇ ಖರೆ. "ತಪ್ಪಾತ್ರಿ ಅಕ್ಕಾರ" ಅಂದ. ಹಾಲವ್ವ ವಿದ್ಯಾಶ್ರೀಯ ಕೈಯಿಂದ ವಹಿ ತೆಗೆದುಕೊಂಡಳು.

ವಿದ್ಯಾಶ್ರೀ ಅವನ ತೊಡೆಯ ಮೇಲಿನ ಕಾಗದವನ್ನು ತೆಗೆದುಕೊಂಡು, ಒಂಟಿ "ಚ" ಒಳಗೆ ಬರುವಂತೆ ಮಡಚಿ ಚೀಲದಲ್ಲಿಟ್ಟಳು. "ಈ ಅರ್ಜಿ ಈಗ ಕಳಸಾಕ ಬರಂಗಿಲ್ಲ. ಎಲ್ಲಾ ಮೊದಲಿಂದ ಬರೀಬೇಕು" ಅಂದಳು. ಆಮೇಲೆ ಅವನ ಮುಖ ನೋಡದೆ, "ನನಗ ಒಂದ ದಿನಾ ತಡ ಆಗಿದ್ದಕ್ಕ ಬೈದಿದ್ರಿ ಸರ್" ಅಂದಳು. ಸರ್ ಎನ್ನುವ ಶಬ್ದ ಅವಳ ಬಾಯಲ್ಲಿ ಇಷ್ಟು ತಣ್ಣಗೆ ಅವನು ಎಂದೂ ಕೇಳಿರಲಿಲ್ಲ.

ಹಾಲವ್ವ ವಹಿಯನ್ನು ಅವನ ಕಡೆ ಸರಿಸಿದಳು. ತೊಂಬತ್ತೇಳನೇ ಇಸವಿಯ ಹಾಳೆ.

"ಬರಿ."

ಅವನು ಚಾಳೀಸು ಮೂಗಿಗೇರಿಸಿಕೊಂಡು, ಮೊದಲು "ನನ್ನ ಕೈ" ಎಂಬುದರ ಮೇಲೆ ಗೆರೆ ಎಳೆಯಲು ಹೋದ. ಅದನ್ನು ಅಳಿಸಿದರೆ ತಾನೊಂದಿಷ್ಟು ಹಗುರಾಗುತ್ತೇನೆಂದು ಅನ್ನಿಸಿತೋ ಏನೋ.

"ಹೊಡದು ಹಾಕಬ್ಯಾಡ" ಎಂದು ಹಾಲವ್ವ ತಡೆದಳು. "ಮೊದಲನೇ ಹಾಳ್ಯಾಗ ಉಳವಪ್ಪಜ್ಜ ಬರದಾನ. ಬರದದ್ದು ಅಳಸಾಂಗಿಲ್ಲ. ನಂದು ಇರಲಿ. ಕೆಳಗ ಖರೇದ್ದು ಬರಿ."

ಚನ್ನೇಶ ಬರೆದ. "ಕಾರಣ: ಹೂ ಬಿಟ್ಟ ತೆನೆಗೆ ಆರು ದಿನ ತಡವಾಗಿ ಚೀಲ ಕಟ್ಟಿದ್ದು. ದಿನಾಂಕ ಸುಳ್ಳು ಬರೆದದ್ದು." ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದ. ಮೂವತ್ತು ವರ್ಷದ ನೌಕರಿಯಲ್ಲಿ ಸಾವಿರಾರು ಸಹಿ ಹಾಕಿದ ಕೈ, ಈ ಒಂದನ್ನು ಹುಡುಗರಂತೆ ಅಕ್ಷರ ಅಕ್ಷರ ಕೂಡಿಸಿ ಬರೆಯಿತು.

ಅಷ್ಟರಲ್ಲಿ ಹಾಲವ್ವ ಕಂಬ ಹಿಡಿದು ಎದ್ದಿದ್ದಳು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ದಾಟಿದಳು. ನೀಲಾಂಬಿಕಾ ಅತ್ತೆಯ ಮುಖವನ್ನೊಮ್ಮೆ ನೋಡಿ, ಚಹಾದ ತಾಟು ಕೆಳಗಿಟ್ಟು ಒಳಗೆ ಹೋಗಿ, ಅರಿಷಿಣದ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದಳು. ಹಾಲವ್ವ ಕೈಗೆ ಅರಿಷಿಣ ಹಚ್ಚಿಕೊಂಡಳು. ಬೆರಳ ಗೆಣ್ಣಿನಿಂದ ಬುರುಡೆಯ ಬಾಯಿಯ ಒಣ ಸಗಣಿಯನ್ನು ತಟ್ಟಿ ಒಡೆದಳು. ಒಳಗೆ ಕೈ ಹಾಕಿದಳು, ಮಣಿಕಟ್ಟಿನ ತನಕ. ತೆಗೆಯಲಿಲ್ಲ. ಬೀಜದಲ್ಲಿ ಬೆರಳು ಆಡಿಸುವ ಸಣ್ಣ ಸಪ್ಪಳ ಪಡಸಾಲೆಗೂ ಕೇಳಿತು.

ಚನ್ನೇಶ ವಹಿ ಹಿಡಿದುಕೊಂಡು ಎದ್ದು ನಿಂತ. ಒಳಗೆ ಹೋಗುವ ಧೈರ್ಯವಾಗಲಿಲ್ಲ. "ಬರದೇನ್ರಿ ಅಕ್ಕಾರ" ಅಂದ.

ಹಾಲವ್ವ ತಿರುಗಿ ನೋಡಲಿಲ್ಲ.

"ಹಾಳಿ ತಿರುವು ತಮ್ಮಾ" ಅಂದಳು. "ಇನ್ನ ಹನ್ನೊಂದು ವರ್ಷ ಅದಾವು."

ಅವನು ಮತ್ತೆ ಕೂತು, ತೊಂಬತ್ತೆಂಟರ ಹಾಳೆ ತೆಗೆದ.